ಇನ್ನೊಂದು ಕೊನೆಯ ಮಸಾಲೆ ದೋಸೆ

ಟಿಕೆಟ್ ಇದ್ದದ್ದು ನವೆಂಬರಿಗೆ. ವಿದಾಯ ಶುರುವಾದದ್ದು ಜುಲೈನಲ್ಲಿ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಅಮೆರಿಕದ ಹಿರಿಯ ಮಿಷನರಿ ದಂಪತಿ ಒಂದು ಸೋಮವಾರ ಬೆಳಗ್ಗೆ ಮೆಟ್ಟಿಲಿಳಿದು ಬಂದು, 'ಇವತ್ತು ನಮ್ಮ ಕೊನೆಯ ಮಸಾಲೆ ದೋಸೆ, ನೀವೂ ಬರಬೇಕು' ಅಂದರು. ನಾನೂ ನನ್ನ ಹೆಂಡತಿಯೂ ಮುಖ ಸಣ್ಣದು ಮಾಡಿಕೊಂಡು ಹೋದೆವು. ಅಜ್ಜಿ ಎರಡು ಸಲ ಕಣ್ಣೊರೆಸಿಕೊಂಡರು. ಅಗಲಿಕೆಗೋ ಕೆಂಪು ಚಟ್ನಿಗೋ ತಿಳಿಯಲಿಲ್ಲ. ಬಿಲ್ಲು ನಾನು ಕೊಟ್ಟೆ. ಊರು ಬಿಟ್ಟು ಹೋಗುವವರ ಕೈಲಿ ಕೊಡಿಸುವುದುಂಟೇ? ಆಗಸ್ಟಿನಲ್ಲಿ ಮತ್ತೊಂದು ಕೊನೆಯ ಮಸಾಲೆ ದೋಸೆಯಾಯಿತು. ಸೆಪ್ಟೆಂಬರಿನಲ್ಲಿ ಎರಡು. ಅಷ್ಟರಲ್ಲಿ ಕೊನೆಯ ಲಾಲ್‌ಬಾಗ್, ಕೊನೆಯ ಮೈಸೂರು, ಕೊನೆಯ ಆಟೋ, ಕೊನೆಯ ಪವರ್ ಕಟ್ಟೂ ಮುಗಿದಿದ್ದವು. ಕೊನೆಯ ಪವರ್ ಕಟ್ಟಿನ ಫೋಟೋ ನನಗೂ ಕಳಿಸಿದ್ದಾರೆ. ಪೂರ್ತಿ ಕಪ್ಪಗಿದೆ.

ಇವರ ಪಂಗಡದ ಹುಡುಗರನ್ನು ನೀವು ಬೆಂಗಳೂರಿನಲ್ಲಿ ನೋಡಿರುತ್ತೀರಿ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ, ಯಾವಾಗಲೂ ಜೋಡಿ. ಲೋಕ ಮಾರ್ಮನ್ ಅನ್ನುತ್ತದೆ. ಆ ಅಡ್ಡಹೆಸರು ಬೇಡ, ಚರ್ಚಿನ ಪೂರ್ತಿ ಹೆಸರೇ ಹೇಳಿ ಎಂದು 2018ರಲ್ಲಿ ಅವರ ಆಗಿನ ಅಧ್ಯಕ್ಷರು ಕೇಳಿಕೊಂಡಿದ್ದರು. ಹೇಳುತ್ತೇನೆ: ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಬಾಡಿಗೆ ಕರಾರಿನಲ್ಲಿ ಇದನ್ನು ಬರೆಯಲು ಮುದ್ರಾಂಕ ಕಾಗದದ ಒಂದೂವರೆ ಸಾಲು ಹಿಡಿಯಿತು. ಅವರಲ್ಲಿ ಮಿಷನರಿ ಗಂಡಸರಿಗೆಲ್ಲ 'ಎಲ್ಡರ್' ಎಂಬ ಬಿರುದು, ಎಂದರೆ ಹಿರಿಯ. ಹದಿನೆಂಟು ತುಂಬಿದರೆ ಸಾಕು, ಹಿರಿಯ. ಅಂಥ ಒಬ್ಬ ಹಿರಿಯರು, ಮೀಸೆ ಇನ್ನೂ ಅನುಮಾನದಲ್ಲಿದ್ದವರು, ಅರವತ್ತೆಂಟರ ನನ್ನನ್ನು 'ಬ್ರದರ್' ಅಂತ ಕರೆದು ಗೇಟು ತೆಗೆಸಿದ್ದರು.

ನಮ್ಮ ಮಹಡಿಯವರು ನಿಜವಾದ ಹಿರಿಯರು. ಮಕ್ಕಳ ಮದುವೆ, ನೌಕರಿ, ಸಾಲ ಎಲ್ಲ ಮುಗಿಸಿ, ಸ್ವಂತ ಖರ್ಚಿನಲ್ಲಿ ಹದಿನೆಂಟು ತಿಂಗಳ ಸೇವೆಗೆ ಬಂದವರು. ನಮ್ಮ ಬೀದಿಯ ಅಜ್ಜಿಯರು ಮಗಳ ಬಾಣಂತನಕ್ಕೆಂದು ಮೆಂತ್ಯದ ಪುಡಿ ಕಟ್ಟಿಕೊಂಡು ಅಮೆರಿಕಕ್ಕೆ ಹಾರುವ ವಯಸ್ಸಿನಲ್ಲಿ ಅಲ್ಲಿನ ಅಜ್ಜಿ ಇಲ್ಲಿಗೆ ಬಂದಿಳಿದಿದ್ದರು. ತಾತ ಐಡಾಹೋದ ಆಲೂಗಡ್ಡೆ ಬೆಳೆಗಾರ. ನಾನು ಹಾಸನದ ಕಡೆಯವನು. ಧರ್ಮದ ವಿಷಯ ನಮ್ಮಿಬ್ಬರ ನಡುವೆ ಒಂದೇ ಸಲ ಬಂತು, ಅದೂ ಹತ್ತು ನಿಮಿಷ. ಆಲೂಗಡ್ಡೆಯ ಅಂಗಮಾರಿ ರೋಗದ ವಿಷಯ ಮಾತ್ರ ಹದಿನೆಂಟು ತಿಂಗಳೂ ನಡೆಯಿತು. ಇಲ್ಲಿ ಅವರ ಕೆಲಸ ಮಿಷನ್ ಆಫೀಸಿನ ಲೆಕ್ಕಪತ್ರ: ಆ ಹುಡುಗ ಹಿರಿಯರ ಮನೆ ಬಾಡಿಗೆ, ಗ್ಯಾಸು, ನೀರಿನ ಕ್ಯಾನು. ಅಜ್ಜಿ ಚರ್ಚಿನ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಿದ್ದರು. ಮಕ್ಕಳು ಕಲಿತರೋ ಇಲ್ಲವೋ, ಆ ಎಂಟು ಹಾಡು ಈಗ ನನ್ನ ಹೆಂಡತಿಗೆ ಬಾಯಿಪಾಠ.

ಅವಳಿಗೂ ಅವರಿಗೂ ಇದ್ದ ಒಂದೇ ತಕರಾರು ಕಾಫಿಯದು. 1833ರ ಬೋಧನೆಯಂತೆ ಆ ಪಂಗಡಕ್ಕೆ ಕಾಫಿ, ಟೀ, ಹೆಂಡ, ಹೊಗೆಸೊಪ್ಪು ವರ್ಜ್ಯ. ಹೆಂಡ ಬಿಟ್ಟವರನ್ನು ನಮ್ಮ ಮನೆ ಮೆಚ್ಚುತ್ತದೆ. ಆದರೆ ಆಗ ತಾನೇ ಇಳಿದ ಡಿಕಾಕ್ಷನ್ನಿನ ಎದುರು ಕೂತು 'ಬೇಡ' ಅನ್ನುವವರನ್ನು ನನ್ನ ಹೆಂಡತಿ ಕಂಡಿರಲಿಲ್ಲ. ಮೊದಲ ದಿನ ಸಂಕೋಚ ಅಂದುಕೊಂಡಳು. ಎರಡನೆಯ ದಿನ 'ಶುಗರ್ ಇರಬೇಕು' ಅಂತ ಸಕ್ಕರೆ ಹಾಕದೆ ಕೊಟ್ಟಳು. ಮೂರನೆಯ ದಿನ ಲೋಟ ಹಿಡಿದು ಮಹಡಿಗೇ ಹತ್ತಿದಳು. ಕಡೆಗೆ ಮಜ್ಜಿಗೆಯ ಮೇಲೆ ಸಂಧಾನವಾಯಿತು. ಆದರೂ ಹೊರಡುವ ತಿಂಗಳವರೆಗೂ, 'ಅರ್ಧ ಲೋಟವಾದರೂ?' ಅನ್ನುವುದನ್ನು ಅವಳು ಬಿಡಲಿಲ್ಲ. ಧರ್ಮಪ್ರಚಾರದ ಹಟ ಯಾರ ಕಡೆ ಜಾಸ್ತಿಯಿತ್ತು ಅಂತ ಹೇಳುವುದು ಕಷ್ಟ.

ಅಕ್ಟೋಬರಿನಲ್ಲಿ ಹುಡುಗ ಹಿರಿಯರೊಬ್ಬರು ಗೇಟಿನ ಹತ್ತಿರ ನಿಂತು ನಗುನಗುತ್ತಾ, 'ಗೊತ್ತಲ್ಲ ಆಂಟಿ, ಎಲ್ಡರ್ ಮುಂದಿನ ತಿಂಗಳು ಸಾಯ್ತಾರೆ' ಅಂದುಬಿಟ್ಟರು. ಇವಳು ಸೌಟು ಹಿಡಿದೇ ಮಹಡಿಗೆ ಓಡಿದಳು. ತಾತ ಬಾಲ್ಕನಿಯಲ್ಲಿ ಸೂಟ್‌ಕೇಸಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು, ಗಟ್ಟಿಮುಟ್ಟಾಗಿ. ಆಮೇಲೆ ತಿಳಿಯಿತು: ಮಿಷನರಿಗಳ ಒಳಮಾತಿನಲ್ಲಿ ಸೇವೆ ಮುಗಿಯುವುದೆಂದರೆ 'ಸಾಯುವುದು'. ಹೊರಡುವ ಮೊದಲೇ ಮನಸ್ಸನ್ನು ಊರಿಗೆ ಕಳಿಸಿಬಿಟ್ಟವನಿಗೆ 'ಟ್ರಂಕಿ' ಅನ್ನುತ್ತಾರಂತೆ, ಟ್ರಂಕು ಕಟ್ಟಿ ಕೂತವನು ಅಂತ. 'ನಾನು ಟ್ರಂಕಿ ಅಲ್ಲವೇ ಅಲ್ಲ' ಅಂದರು ತಾತ, ಚಕ್ರ ತಿರುಗಿಸಿ ನೋಡುತ್ತಾ.

ಟ್ರಂಕಿನ ಕಷ್ಟವೇ ಬೇರೆ. ಒಬ್ಬರಿಗೆ ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕಿಲೋ. ಹದಿನೇಳು ಮೊಮ್ಮಕ್ಕಳಿಗೆ ಹದಿನೇಳು ಚನ್ನಪಟ್ಟಣದ ಗೊಂಬೆ, ಸೊಸೆಯಂದಿರಿಗೆ ಮೈಸೂರು ಸ್ಯಾಂಡಲ್ ಸೋಪು, ನನ್ನ ಹೆಂಡತಿ ಒತ್ತಾಯದಿಂದ ತುರುಕಿದ ಎರಡು ಕಿಲೋ ಸಾರಿನ ಪುಡಿ. ತೂಗುವುದಕ್ಕೆ ನಮ್ಮ ಮನೆಯ ತೂಕದ ಯಂತ್ರವೇ. ತಾತ ಪೆಟ್ಟಿಗೆ ಎತ್ತಿಕೊಂಡು ಅದರ ಮೇಲೆ ನಿಲ್ಲುವುದು, ಒಟ್ಟು ತೂಕದಲ್ಲಿ ಅವರ ತೂಕ ಕಳೆಯುವುದು. ಲೆಕ್ಕ ಒಂದು ದಿನವೂ ಕೂಡಲಿಲ್ಲ. ಪ್ರತಿ ವಾರ ಪೆಟ್ಟಿಗೆಯಿಂದ ಏನೋ ತೆಗೆದರೂ ಮುಳ್ಳು ಮುಂದೆಯೇ ಹೋಗುತ್ತಿತ್ತು. ಕಳೆಯುತ್ತಿದ್ದ ತೂಕ ಅವರು ಬೆಂಗಳೂರಿಗೆ ಬಂದಿಳಿದಾಗಿನದು. ಕೊನೆಯ ದೋಸೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಂಚ, ಫ್ರಿಜ್ಜು, ಸೋಫಾ ಮಿಷನ್ನಿನವು. ಅವನ್ನು ಮುಟ್ಟುವಂತಿಲ್ಲ. ಸ್ವಂತ ಕೊಂಡ ಸಾಮಾನಿಗೆಲ್ಲ ಅಜ್ಜಿ ಹಳದಿ ಚೀಟಿ ಅಂಟಿಸಿ, ಯಾರಿಗೆ ಯಾವುದು ಅಂತ ಬರೆದಿಟ್ಟರು. ಬೀದಿಗೆ ಬೀದಿಯೇ ವಿದಾಯ ಹೇಳಲು ಬರತೊಡಗಿದ್ದು ಆಮೇಲೆ. ಕಣ್ಣಲ್ಲಿ ನೀರು ತಂದುಕೊಂಡೇ ಬರುತ್ತಿದ್ದರು, ಆ ಕಣ್ಣು ಮಾತ್ರ ಮಿಕ್ಸಿಯ ಚೀಟಿಯ ಮೇಲೆ. ನಾನೂ ಸಾಚಾ ಅಲ್ಲ. ಅವರ ಐದು ಮೆಟ್ಟಿಲಿನ ಅಲ್ಯೂಮಿನಿಯಂ ಏಣಿಯನ್ನು ಎರಡು ಸಲ ವಿನಾಕಾರಣ ಹೊಗಳಿದ್ದೆ. ಅದು ಎದುರು ಮನೆಯವರಿಗೆ ಹೋಯಿತು. ನಮಗೆ ಐದು ಲೀಟರಿನ ಕುಕ್ಕರ್ ಬಂತು.

ಅಜ್ಜಿಗೆ ದಾನದ ಉತ್ಸಾಹ ಎಷ್ಟಿತ್ತೆಂದರೆ, ಪ್ರಯಾಣಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ ಅಡುಗೆಮನೆ ಬರಿದಾಯಿತು. ಮರುದಿನ ಬೆಳಗ್ಗೆ ಬಾಗಿಲಲ್ಲಿ ನಿಂತು, 'ಒಂದು ಕುಕ್ಕರ್ ಇದ್ದರೆ ಕೊಡ್ತೀರಾ? ಸಂಜೆ ವಾಪಸ್ ಕೊಡ್ತೀನಿ' ಅಂದರು. ನಿನ್ನೆ ಅವರೇ ಕೊಟ್ಟ ಕುಕ್ಕರು, ಹಳದಿ ಚೀಟಿ ಇನ್ನೂ ಅಂಟಿತ್ತು. ಹದಿನೈದು ದಿನವೂ ಅದು ಮಹಡಿ ಹತ್ತಿ ಇಳಿಯಿತು. ಪ್ರತಿ ಸಂಜೆ ವಾಪಸ್ ಕೊಡುವಾಗ ಕಣ್ಣೊರೆಸಿಕೊಂಡು ಮತ್ತೆ ಹೊಸದಾಗಿ ದಾನ ಮಾಡುತ್ತಿದ್ದರು. ಎದುರು ಮನೆಯವರ ಬಾಗಿಲಿಗೆ ಏಣಿಗಾಗಿ ಹೋದದ್ದನ್ನೂ ನೋಡಿದೆ. ನನಗೆ ಸಣ್ಣ ಸಮಾಧಾನ.

ತಾತನಿಗೆ 'ಹೋಗಿ ಬರ್ತೀವಿ' ಅನ್ನುವುದನ್ನು ಕಲಿಸಿದ್ದು ನಾನೇ. ನಮ್ಮಲ್ಲಿ ಬರೀ 'ಹೋಗ್ತೀನಿ' ಅಂದರೆ ಅಪಶಕುನ ಅಂತ ವಿವರಿಸಿದ್ದೆ. ಅವರು ಅದನ್ನು ಹಾಲಿನವನು, ಇಸ್ತ್ರಿಯವನು, ಮೂಲೆಯ ಅಂಗಡಿಯವನು ಎಲ್ಲರಿಗೂ ಕೈ ಮುಗಿದು ಹೇಳಿದರು. ಅಂಗಡಿಯವನು ಲೆಕ್ಕ ಚುಕ್ತಾ ಮಾಡಲು ಒಪ್ಪಲೇ ಇಲ್ಲ: 'ಬರ್ತೀರಲ್ಲ ಸಾರ್, ಬಂದಮೇಲೆ ನೋಡೋಣ.' ನೂರಾ ನಲವತ್ತು ರೂಪಾಯಿಯ ಆ ಸಾಲ ತಾತನ ನಿದ್ದೆ ಕೆಡಿಸಿತು. 'ಹೋಗಿ ಬರ್ತೀನಿ' ಅನ್ನುವ ಮಾತನ್ನು ಅಕ್ಷರಶಃ ಉಳಿಸಿಕೊಂಡ ಮಿಷನರಿ ಅಂದರೆ ಕಿಟೆಲ್ ಸಾಹೇಬರು. 1877ರಲ್ಲಿ ಜರ್ಮನಿಗೆ ಹೋದವರು 1883ರಲ್ಲಿ ವಾಪಸ್ ಬಂದು ಕನ್ನಡ ನಿಘಂಟಿನ ಕೆಲಸಕ್ಕೆ ಕೂತರು. 1892ರಲ್ಲಿ ಮತ್ತೆ ಹೋದರು, 1894ರಲ್ಲಿ ನಿಘಂಟು ಅಚ್ಚಾಗಿ ಬಂತು. ಈಗ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತೇಬಿಟ್ಟಿದ್ದಾರೆ. ನಮ್ಮ ತಾತನಿಗಿದ್ದ ಆಸೆ ಒಂದೇ, ಬೆಂಗಳೂರಿನಲ್ಲಿ ಏಳುತ್ತಿದ್ದ ತಮ್ಮ ದೇವಾಲಯ ಮುಗಿಯುವುದನ್ನು ನೋಡಿ ಹೋಗಬೇಕು ಅಂತ. 2018ರಲ್ಲಿ ಘೋಷಣೆಯಾಗಿ 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆ ಕಂಡದ್ದು ಅದು. ಇವರ ಅವಧಿಯೇ ಮೊದಲು ಮುಗಿಯಿತು. 'ಮನೆ ಕಟ್ಟಿ ನೋಡು ಅಂತಾರೆ ಸಾರ್, ನೋಡುವುದೂ ಕಷ್ಟವೇ' ಅಂದೆ.

ಚರ್ಚಿನ ಬೀಳ್ಕೊಡುಗೆಗೆ ನಮ್ಮನ್ನೂ ಕರೆದರು. ನವೆಂಬರಿನ ಮೊದಲ ಭಾನುವಾರ. ಬರಿಗೈಲಿ ಹೋಗಬಾರದೆಂದು ಇವಳು ಕ್ಯಾರಿಯರ್ ತುಂಬ ಬಿಸಿಬೇಳೆಬಾತ್ ತಂದಳು, ಮೇಲೆ ಧಾರಾಳವಾಗಿ ತುಪ್ಪ. ಪ್ರತಿ ತಿಂಗಳ ಮೊದಲ ಭಾನುವಾರ ಅವರಿಗೆಲ್ಲ ಉಪವಾಸ, ಬಿಟ್ಟ ಎರಡು ಊಟದ ದುಡ್ಡು ಬಡವರಿಗೆ. ಇದನ್ನು ಪಕ್ಕದವರು ನಮಗೆ ಪಿಸುಗುಟ್ಟಿದ್ದು ಕೂತಮೇಲೆ. ಕ್ಯಾರಿಯರ್ ನನ್ನ ಕಾಲ ಬಳಿ ಇತ್ತು, ಮುಚ್ಚಳ ಸ್ವಲ್ಪ ಸಡಿಲ. ತಾತ ಮೈಕಿನ ಮುಂದೆ ನಿಂತು ಈ ಊರು, ಈ ಜನ ಅಂತ ಶುರುಮಾಡಿದರು, ಒಂದು ಉಸಿರು ಎಳೆದುಕೊಂಡರು, ನಿಂತರು. ಲವಂಗ, ತುಪ್ಪ, ಕರಿಬೇವು ಮೂರನೆಯ ಸಾಲು ದಾಟಿ ವೇದಿಕೆ ಮುಟ್ಟಿದ್ದವು. ನನ್ನ ಮುಂದಿನ ಹುಡುಗ ಹಿರಿಯರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು. ತಾತನ ಕಣ್ಣು ತುಂಬಿ ಬಂತು. ನಮ್ಮ ಸಮಾರಂಭಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಬರುವ ಹೊತ್ತಿಗೆ ಅಲ್ಲಿ ಸಾಲಿನಿಂದ ಸಾಲಿಗೆ ಟಿಶ್ಯೂ ಡಬ್ಬ ಬಂತು. ನಾನೂ ಒಂದು ಎಳೆದುಕೊಂಡೆ.

ಹೋಗುವುದು ಮಾತ್ರ ಐದು ನಿಮಿಷದಲ್ಲಿ ಮುಗಿಯಿತು. ರಾತ್ರಿ ಹನ್ನೊಂದಕ್ಕೆ ಟ್ಯಾಕ್ಸಿ, ನಾಲ್ಕು ಪೆಟ್ಟಿಗೆ, ಒಂದು ಕೈ ಮುಗಿತ. ಎದೆಯ ಬಿಲ್ಲೆ ಹಾಗೇ ಇತ್ತು. ಊರಿನಲ್ಲಿ ಅವರ ಹಿರಿಯರು ಬಿಡುಗಡೆ ಅಂದ ಮೇಲೆಯೇ ಅದನ್ನು ಕಳಚುವುದಂತೆ. ಅಂಗಡಿಯವನ ನೂರಾ ನಲವತ್ತನ್ನು ನನ್ನ ಅಂಗೈಯಲ್ಲಿ ತುರುಕಿ ಹೋದರು.

ಮೂರು ದಿನಕ್ಕೆ ಹೊಸ ಜೋಡಿ ಬಂತು, ಯೂಟಾದವರು. ಸಂಜೆ ಇಬ್ಬರೂ ಕೆಳಗಿಳಿದರು, ಕೈಯಲ್ಲಿ ನಮ್ಮ ಅಜ್ಜಿ ಬರೆದಿಟ್ಟುಹೋದ ನೋಟ್‌ಬುಕ್ಕು. ಇವಳು ಬಾಯಿ ತೆರೆಯುವ ಮೊದಲೇ ಹೊಸ ಅಜ್ಜಿ, 'ಮಜ್ಜಿಗೆ' ಅಂದರು, ಸ್ಪಷ್ಟವಾಗಿ. ಕುಡಿದಾದ ಮೇಲೆ ಪುಟ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ನಾಚಿಕೊಂಡು ನಮ್ಮ ಕಡೆ ತಿರುಗಿಸಿದರು. 'ಕುಕ್ಕರ್: ಕೆಳಗಿನ ಮನೆಯಲ್ಲಿದೆ.'

ಒಳಗೆ ಅವರೆಕಾಳು ಇಟ್ಟಿತ್ತು. ಕುಕ್ಕರ್ ಎರಡನೆಯ ಸಲ ಕೂಗಿತು. ಇವಳು ನನ್ನ ಮುಖ ನೋಡಿದಳು.

'ಇನ್ನೊಂದು ಕೂಗಲಿ, ತೊಳೆದು ಕೊಡ್ತೀನಿ' ಅಂದಳು.