ಶತಮಾನೋತ್ಸವದ ಹಳೆ ವಿದ್ಯಾರ್ಥಿ

ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ತಾಲೂಕು ಅಥವಾ ಜಿಲ್ಲಾ ಬೋರ್ಡಿನ ಆಡಳಿತದಲ್ಲಿದ್ದುದರಿಂದ ಬೋರ್ಡ್ ಶಾಲೆಗಳೆಂದು ಕರೆಯಿಸಿಕೊಂಡು, 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಮೈಸೂರು ರಾಜ್ಯದ ಪಾಲಿಗೆ ಬಂದ ಕರಾವಳಿಯ ಪ್ರಾಥಮಿಕ ಶಾಲೆಗಳು ಒಂದೊಂದಾಗಿ ನೂರು ದಾಟುತ್ತಿರುವ ಈ ದಿನಗಳಲ್ಲಿ, ಅವುಗಳ ಜಗಲಿಯಲ್ಲಿ ತಪ್ಪದೆ ಕಾಣಸಿಗುವ ಹಿರಿಯರೊಬ್ಬರಿದ್ದಾರೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವರೆಲ್ಲರೂ ಹಳೆ ವಿದ್ಯಾರ್ಥಿಗಳೇ ಹೌದಾದರೂ, ಇಲ್ಲಿ ವಿವೇಚಿಸುವ ಹಳೆ ವಿದ್ಯಾರ್ಥಿಯೆಂದರೆ ಅಲ್ಲಿ ಕಲಿತ ಪಾಠಗಳನ್ನೆಲ್ಲ ಮರೆತು, ಅಲ್ಲಿ ನಡೆದ ವಾರ್ಷಿಕೋತ್ಸವಗಳನ್ನು ಮಾತ್ರ ಅನುಕ್ರಮವಾಗಿ ನೆನಪಿಟ್ಟುಕೊಂಡವರು.

ಇವರ ಕಾಲಗಣನೆಯೇ ಬೇರೆ. 25ಕ್ಕೆ ರಜತ, 50ಕ್ಕೆ ಸುವರ್ಣ, 60ಕ್ಕೆ ವಜ್ರ, 75ಕ್ಕೆ ಅಮೃತ ಎಂದು ಸಾಗುವ ಮಹೋತ್ಸವಗಳ ಲೆಕ್ಕವೇ ಇವರ ಪಂಚಾಂಗವಾಗಿದ್ದು, ಅಕ್ಕನ ಮದುವೆ ಸುವರ್ಣದ ಮರುವರ್ಷ, ಬಾವಿಗೆ ಪಂಪು ಕೂರಿಸಿದ್ದು ವಜ್ರಕ್ಕೆ ಸ್ವಲ್ಪ ಮೊದಲು ಎಂಬ ರೀತಿಯಲ್ಲಿ ಊರಿನ ಸಕಲ ಘಟನೆಗಳೂ ಅದರೊಳಗೇ ಬಂದು ಸೇರುತ್ತವೆ.

ಇವುಗಳಲ್ಲಿ ಶ್ರೇಷ್ಠವಾದದ್ದು ಸುವರ್ಣ ಮಹೋತ್ಸವವೆಂಬುದು ಇವರ ನಿರ್ವಿವಾದ ನಿಲುವು. ಆ ರಾತ್ರಿ ತೆಂಗಿನ ಮಡಲಿನ ಚಪ್ಪರದಡಿ ಮಕ್ಕಳ ಯಕ್ಷಗಾನ ‘ಅಭಿಮನ್ಯು ಕಾಳಗ’ ನಡೆಯುತ್ತಿದ್ದಾಗ, ಚಕ್ರವ್ಯೂಹದ ನಟ್ಟನಡುವೆ ಪೆಟ್ರೋಮ್ಯಾಕ್ಸ್, ಎಂದರೆ ಸೀಮೆಎಣ್ಣೆಗೆ ಗಾಳಿ ಒತ್ತಿ ರೇಷ್ಮೆಬಲೆಯಂಥ ಮ್ಯಾಂಟಲನ್ನು ಉರಿಸುವ ದೀಪ, ಸುಸ್ತಾಗಿ ಕೆಂಪಗಾಯಿತಂತೆ. ಡ್ರಿಲ್ ಮಾಸ್ಟ್ರು ಪಂಚೆ ಎತ್ತಿಕಟ್ಟಿ ರಂಗಸ್ಥಳಕ್ಕೇ ಹತ್ತಿ ಪಂಪು ಒತ್ತತೊಡಗಿದಾಗ, ದ್ರೋಣನೂ ಕರ್ಣನೂ ಅಭಿಮನ್ಯುವನ್ನು ಕೊಲ್ಲುವುದನ್ನು ನಿಲ್ಲಿಸಿ, ಮುಖಕ್ಕೆ ಮುತ್ತಿದ ಹಾತೆಗಳನ್ನು ಬಾಣದಿಂದ ಓಡಿಸುತ್ತ, ಬೆಳಕು ಬರುವ ತನಕ ಕಾದರಂತೆ. ಈ ವರ್ಣನೆಯಲ್ಲಿ ಭಾಗವತರ ಕೆಮ್ಮು ಕೂಡ ಬಿಟ್ಟುಹೋಗುವುದಿಲ್ಲ. ಬಿಟ್ಟುಹೋಗುವ ಸಂಗತಿ ಒಂದೇ: ಅಂದು ಮಾತಿಲ್ಲದ ಕೌರವ ಸೈನಿಕನಾಗಿ ಎಡಗಡೆ ನಿಂತಿದ್ದ ಹುಡುಗ ಇವರೇ. ಅಮೃತ ಮಹೋತ್ಸವದಲ್ಲಿ ಕೋಲಾಟ ಆಡಿದವರನ್ನು ಕೇಳಿದರೆ ಅಮೃತವೇ ಶ್ರೇಷ್ಠವೆಂಬ ಉತ್ತರ ಬರುವುದರಿಂದ, ಶಾಲೆಯ ಸುವರ್ಣಯುಗವು ಹೇಳುವವನು ಬಣ್ಣ ಹಚ್ಚಿದ ವರ್ಷದಲ್ಲೇ ಬೀಳುತ್ತದೆಂದು ತಿಳಿಯಲು ಅಡ್ಡಿಯಿಲ್ಲ.

ಶತಮಾನೋತ್ಸವ ಸಮಿತಿ ರಚನೆಯಾದೊಡನೆ ಇವರ ನೆನಪಿಗೆ ಅಧಿಕಾರವೂ ಸೇರಿಕೊಳ್ಳುತ್ತದೆ. 1920–21ರ ಆಸುಪಾಸಿನಲ್ಲಿ ಆರಂಭವಾದ ಶಾಲೆಗಳಿಗೆ ನೂರು ತುಂಬುವ ಹೊತ್ತಿಗೆ ಕೊರೊನಾದಿಂದಾಗಿ ಬಾಗಿಲು ಮುಚ್ಚಿದ್ದುದರಿಂದ, ನೂರನೆಯ ವರ್ಷದ ಉತ್ಸವವನ್ನು ನೂರಮೂರನೆಯ ವರ್ಷ ನಡೆಸುವುದು ಶಾಸ್ತ್ರಸಮ್ಮತವೇ ಎಂಬ ಜಿಜ್ಞಾಸೆಗೆ ಇವರು ಎರಡು ಸಭೆಗಳನ್ನು ತೆಗೆದುಕೊಳ್ಳುತ್ತಾರೆ. ಮುಂಬಯಿಯಲ್ಲಿ ಹೋಟೆಲು ನಡೆಸುವ ಊರವರಿಂದ ದೇಣಿಗೆ ತರುವವರೂ ಇವರೇ. ಆ ಶ್ರಮವನ್ನು ಲಘುವಾಗಿ ಕಾಣುವಂತಿಲ್ಲ. ಆದರೆ ಮುಖ್ಯೋಪಾಧ್ಯಾಯಿನಿ ಕೇಳಿದ್ದು ಶೌಚಾಲಯ, ಬಂದದ್ದು ಮಹಾದ್ವಾರ. ಏಕೆಂದರೆ ದಾನಿಯು ತನ್ನ ತೀರ್ಥರೂಪರ ಹೆಸರನ್ನು ಕೆತ್ತಿಸಲು ಒಪ್ಪುವ ಕಟ್ಟಡಗಳಿಗೆ ಒಂದು ಮಿತಿಯಿದೆ. ಗೌರವಾಧ್ಯಕ್ಷರಿಂದ ಪೆಂಡಾಲ್ ಉಸ್ತುವಾರಿಗಳವರೆಗೆ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ಹೆಸರುಗಳು ಹಾಜರಿ ಪುಸ್ತಕದ ಹೆಸರುಗಳಿಗಿಂತ ಹೆಚ್ಚಿದ್ದರೂ ಯಾರಿಗೂ ಅಚ್ಚರಿಯಿಲ್ಲ. ಹಳೆ ವಿದ್ಯಾರ್ಥಿಯ ಮೊಮ್ಮಕ್ಕಳೂ ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರೇ.

ಉತ್ಸವದ ದಿನ “ಎರಡೇ ಮಾತು” ಎಂದು ಮೈಕು ಹಿಡಿದ ಇವರು ರಜತದಿಂದ ಹೊರಟು ಸುವರ್ಣದ ಪೆಟ್ರೋಮ್ಯಾಕ್ಸ್ ತಲುಪುವಷ್ಟರಲ್ಲಿ, ಸಂಜೆಯಿಂದಲೇ ನವಿಲಿನ ವೇಷ ಕಟ್ಟಿಕೊಂಡು ಕುಳಿತ ಒಂದನೆಯ ತರಗತಿಯ ಮಕ್ಕಳು ಪರದೆಯ ಹಿಂದೆ ಗರಿಗಳ ಮೇಲೆಯೇ ನಿದ್ದೆಹೋಗಿರುತ್ತಾರೆ. ಇಳಿದು ಬಂದ ಮೇಲೆ, ಎಲ್‌ಇಡಿ ಬೆಳಕಿನಲ್ಲಿ ಮಿನುಗುವ ವೇದಿಕೆಯತ್ತ ಕೈತೋರಿ, “ಎಂಥ ಇದ್ದು ಎಂಥ ಟೀಚರೇ, ಸುವರ್ಣದ ಆ ಗಮ್ಮತ್ತು ಇದರಲ್ಲಿಲ್ಲ” ಎನ್ನುತ್ತಾರೆ.

ಲೆಕ್ಕಪತ್ರ ಮಂಡನೆಯ ಸಭೆಯಲ್ಲಿ ಉಳಿಕೆ ಹಣದಿಂದ ಸೋರುವ ಮಾಡಿನ ಹಂಚು ಬದಲಿಸೋಣವೆಂದು ಟೀಚರು ಕೇಳಿದಾಗ, ಅದನ್ನು ನೂರಿಪ್ಪತ್ತೈದರ ಉತ್ಸವಕ್ಕೆಂದು ಸೊಸೈಟಿಯಲ್ಲಿ ನಿರಖು ಠೇವಣಿ ಇಡತಕ್ಕದ್ದೆಂದು ಹಳೆ ವಿದ್ಯಾರ್ಥಿ ಸೂಚಿಸುತ್ತಾರೆ. ಅನುಮೋದಿಸುವವರು ಯಾರೂ ಏಳದಿದ್ದುದರಿಂದ, ಕನ್ನಡಕ ಸರಿಪಡಿಸಿಕೊಂಡು ತಾವೇ ಎದ್ದು ಅನುಮೋದಿಸುತ್ತಾರೆ.