ಹಳು ಸವರುವ ವಿಚಾರ

ಹಳು ಬೆಳೆದ ಜಾಗವೊಂದು ನಿಮ್ಮ ಹೆಸರಿನಲ್ಲಿದ್ದರೆ ಮಲೆನಾಡಿನಲ್ಲಿ ಮಾತಿಗೆ ಬರವಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂದಿರುವ ಅರ್ಧ ಎಕರೆ ಹಕ್ಕಲಿನ ಬಗ್ಗೆ ಸಲಹೆ ಕೊಡದೆ, ಬರೀ ಕಾಫಿ ಕುಡಿದು ಎದ್ದುಹೋದ ನೆಂಟರು ಇನ್ನೂ ಹುಟ್ಟಿಲ್ಲ. ಅಲ್ಲಿ ಲಂಟಾನ ಆಳೆತ್ತರ ಎದ್ದಿದೆ. ಅದರ ಸಂದಿಯಲ್ಲಿ ಕಮ್ಯುನಿಸ್ಟ್ ಗಿಡ, ರಸ್ತೆಯ ಅಂಚಿಗೆ ಕಾಂಗ್ರೆಸ್ ಗಿಡ, ಕೆಳಗೆ ಕಾಲಿಟ್ಟವರಿಗೆ ನಾಚಿಕೆ ಮುಳ್ಳು. ಇಷ್ಟು ಭದ್ರವಾದ ಸಮ್ಮಿಶ್ರ ಸರ್ಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾವನದು ಒಂದೇ ಮಾತು. "ಜೆಸಿಬಿ ಕರ್ಸು ಮಾರಾಯ, ಮಧ್ಯಾಹ್ನದೊಳಗೆ ಬೋಳು!" ಭಾವನಿಗೆ ಸಕಲ ಕಷ್ಟಕ್ಕೂ ಜೆಸಿಬಿಯೇ ಪರಿಹಾರ, ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂದರೂ ಕರೆಸಿಯಾನು. ಬೋಳಾಗುವುದೇನೋ ನಿಜ. ಆದರೆ ಅದು ಲಂಟಾನದ ಜೊತೆಗೆ ಎಲೆ ಕೊಳೆತು ಆದ ಕರಿಮಣ್ಣನ್ನೂ ಬಾಚಿ ಮೂಲೆಗೆ ಗುಡ್ಡೆ ಹಾಕುತ್ತದೆ. ಉಳಿದ ಕೆಂಪು ಮಣ್ಣು ಆಷಾಢದ ಮಳೆಗೆ ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ ಇಳಿದರೆ, ಆಮೇಲಿನ ಮಾತೆಲ್ಲ ವಕೀಲರ ಮೂಲಕ.

ತಮ್ಮನ ಮಗ ಔಷಧಿಯ ಪಕ್ಷ. "ಗ್ಲೈಫೋಸೇಟ್ ಹೊಡೆಸಿ ದೊಡ್ಡಪ್ಪ, ಎಲೆಗೆ ಬಿದ್ದದ್ದು ಬೇರಿಗೆ ಇಳಿಯುತ್ತೆ." ಇಳಿಯುತ್ತದೆ. ಆದರೆ ಪಕ್ಕದ ಬಸಳೆ ಚಪ್ಪರದ ಮೇಲೆ ಹಾರಿ ಬಿದ್ದದ್ದೂ ಇಳಿಯುತ್ತದೆ. ಅದೂ ಅಲ್ಲದೆ, ಕೀಟ ನಿಯಂತ್ರಣ ನಿರ್ವಾಹಕರನ್ನು ಬಿಟ್ಟು ಬೇರಾರೂ ಅದನ್ನು ಬಳಸಬಾರದೆಂದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೇಳಿತ್ತು. ನಮ್ಮೂರಲ್ಲಿ ಅಂಥ ನಿರ್ವಾಹಕರು ಯಾರಪ್ಪಾ ಎಂದು ಕೇಳಿದೆ. "ಬೆನ್ನಿಗೆ ಸ್ಪ್ರೇಯರ್ ಹಾಕ್ಕೊಂಡವರೆಲ್ಲ" ಎಂದ.

ಚಿಕ್ಕಮ್ಮ ಆಡು ಸಾಕು ಎಂದರು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ಲಂಟಾನ ನೋಡಿರಲಿಕ್ಕಿಲ್ಲ. ಅದು ಅಮೆರಿಕ ಖಂಡದಿಂದ ಹೂವಿನ ಚಂದಕ್ಕೆಂದು ಬಂದು ಊರೆಲ್ಲ ಹಬ್ಬಿದ್ದು. ಹಸಿವಿಗೆ ಅದನ್ನು ಮೇಯ್ದ ದನಕರುಗಳಿಗೆ ಪಿತ್ತಜನಕಾಂಗ ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಕಾಂಗ್ರೆಸ್ ಗಿಡಕ್ಕಾದರೆ ತಿನ್ನುವವರಿದ್ದಾರೆ: ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಪುಟ್ಟ ಜೀರುಂಡೆಗಳು. ಮಳೆಗಾಲದಲ್ಲಿ ಎಲೆ ತಿಂದು, ಮಳೆ ನಿಂತ ಮೇಲೆ ಮಣ್ಣು ಹೊಕ್ಕು ಮಲಗುತ್ತವೆ. ಕೂಲಿ ಕೇಳುವುದಿಲ್ಲ, ಹೇಳಿದ ದಿನ ಬರುವುದೂ ಇಲ್ಲ.

ಬೆಂಕಿ ಹಾಕು ಎಂದವರಿಗೆ ನಾನು ಎರಡನೇ ಕಾಫಿ ಕೊಡಲಿಲ್ಲ. ಸುಟ್ಟ ನೆಲದಲ್ಲಿ ಎಲ್ಲರಿಗಿಂತ ಮೊದಲು ಚಿಗುರುವುದು ಲಂಟಾನವೇ. ಬಾಡಿಗೆಗೆ ಸಿಗುವ ಕಳೆ ಕತ್ತರಿಸುವ ಯಂತ್ರದ ಗದ್ದಲವೂ ಬುಡದ ಮೇಲಷ್ಟೇ. ಅದು ಕ್ಷೌರ ಮಾಡುತ್ತದೆ, ಬೇರು ಕೀಳುವುದಿಲ್ಲ.

ಕೊನೆಗೆ ಬಂದವರು ಪಿಕಾಸಿ ಹಿಡಿದ ಅಜ್ಜ. ಕುಕ್ಕರಗಾಲಲ್ಲಿ ಕೂತು, ಎಡಗೈಯಿಂದ ಮುಳ್ಳು ಕೊಂಬೆಯನ್ನು ಓರೆ ಮಾಡಿ, ಬುಡದ ಮಣ್ಣು ಕೆದರಿ, ಕಾಂಡ ಮುಗಿದು ಬೇರು ಶುರುವಾಗುವ ಜಾಗ ಹುಡುಕುತ್ತಾರೆ. ಅದರಿಂದ ಎರಡು ಬೆರಳು ಕೆಳಗೆ ಒಂದೇ ಏಟು. ಕಿತ್ತ ಮೆಳೆಯನ್ನು ಬೇರು ಆಕಾಶ ನೋಡುವಂತೆ ತಲೆಕೆಳಗು ಮಾಡಿ ಇಡುತ್ತಾರೆ. ಹಾಗಿಟ್ಟರೆ ಮತ್ತೆ ನೆಲ ಹಿಡಿಯುವುದಿಲ್ಲ. ಲಂಟಾನ ತೆಗೆಯಲು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಹೇಳಿದ ವಿಧಾನವೂ ಹೆಚ್ಚುಕಡಿಮೆ ಇದೇ. ಅಜ್ಜನಿಗೆ ಇದನ್ನು ಹೇಳಿದಾಗ, "ಅವ್ರಿಗೂ ಸೊಂಟ ನೋವು ಉಂಟಾ?" ಎಂದು ವಿಚಾರಿಸಿದರು.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಮೇಜು ಮಾಡುತ್ತಾರೆಂದು ಎಲ್ಲೋ ಓದಿದ ನನ್ನ ಹೆಂಡತಿ, ಒಳ್ಳೆಯ ಕಡ್ಡಿಗಳನ್ನೆಲ್ಲ ಆರಿಸಿ ಜಗುಲಿಯಲ್ಲಿ ಒಟ್ಟಿದ್ದಾಳೆ. ಹಕ್ಕಲಿನಲ್ಲಿ ಜಾಗ ಆದಷ್ಟೂ ಜಗುಲಿಯಲ್ಲಿ ಕಡಿಮೆಯಾಗುತ್ತಿದೆ.

ಕೆಲಸ ಮಾತ್ರ ನಿಧಾನ. ಮೇಲಿನ ಅಂಚು ಮುಟ್ಟುವಷ್ಟರಲ್ಲಿ ಕೆಳಗೆ ಮತ್ತೆ ಮೊಳಕೆ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಊರಿಡೀ ಬೀಜ ಉದುರಿಸುತ್ತವಲ್ಲ, ಇದಕ್ಕೆ ಕೊನೆಯೇ ಇಲ್ಲವಾ ಎಂದು ಅಜ್ಜನಲ್ಲಿ ಗೊಣಗಿದೆ. ಅವರು ಎಲೆ ಅಡಿಕೆ ಉಗಿದು, "ಹಕ್ಕಿ ಹತ್ರ ನೀವು ಮಾತಾಡಿ ಅಯ್ಯಾ, ಗಿಡ ನಾನು ನೋಡ್ಕಳ್ತೀನಿ" ಎಂದರು.