ಎರಡು ಬಾಗಿಲು, ಇಪ್ಪತ್ತು ಬಾಯಿ

ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿ, ಮನೆ ಸಾಲದ ಕಂತು ಕೊನೆಗಾಣುವ ಹೊತ್ತಿಗೆ ಬೆಂಗಳೂರಿನ ಗಂಡಸರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಬಿಪಿ, ಶುಗರ್ ಅಷ್ಟರಲ್ಲಾಗಲೇ ಬಂದು ನೆಲೆಸಿರುತ್ತವೆ. ಇದು ಅವೆರಡನ್ನೂ ಒಟ್ಟಿಗೇ ಏರಿಸುವಂಥದ್ದು. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಬೇಕೆನ್ನಿಸುವ ಕಾಯಿಲೆ. ರೋಗಿ ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ಸೈಲೆನ್ಸರಿನ ಗುಡುಗು ಕೇಳುತ್ತಾ ಕೂರುತ್ತಾನೆ. ಹೆಂಡತಿಗೆ ಗೊತ್ತಾಗಬಾರದೆಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾನೆ. ಹೆಂಡತಿಗೆ ಗೊತ್ತಿರುತ್ತದೆ.

ನಮ್ಮ ಭಾವನವರಿಗೆ ಈ ಕಾಯಿಲೆ ಬಂದದ್ದು ಅಮೆರಿಕದಿಂದ. ಕ್ಯಾಲಿಫೋರ್ನಿಯಾದಲ್ಲಿರುವ ಅವರ ಚಿಕ್ಕಪ್ಪನ ಮಗ ಮನೆಯಲ್ಲಿದ್ದ ಎರಡು ಹಳೇ ಕ್ಯಾಮ್ರಿಗಳನ್ನೂ ಕೊಟ್ಟು ಒಂದು ಕೆಂಪು ಮಾಜ್ದಾ ಮಿಯಾಟಾ ತಂದು, ಮಾಡು ಮಡಚಿ, ಟೋಪಿ ಹಾಕಿಕೊಂಡು ತೆಗೆಸಿದ ಫೋಟೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಬಿಟ್ಟ. ಅಲ್ಲಿಯವರೆಗೆ ಭಾವನವರು ತಮ್ಮ ಹೋಂಡಾ ಸಿಟಿಯ ಬಗ್ಗೆ ಒಂದು ಮಾತೂ ಆಡಿದವರಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಒ ಕಚೇರಿಗೆ ಅಲೆದು, ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಆ ಗಾಡಿಗೆ ಐದು ವರ್ಷದ ಆಯಸ್ಸು ತಂದುಕೊಟ್ಟವರು ಅವರೇ. ಅಕ್ಕನ ಆಕ್ಸೆಂಟ್‌ನದು ಇನ್ನೊಂದು ಕಥೆ. ಅದರ ಎಡಗಡೆ ಹಿಂದಿನ ಗಾಜು ಇಳಿದರೆ ಏರುವುದಿಲ್ಲ; ಒಬ್ಬರು ಸ್ವಿಚ್ ಒತ್ತಬೇಕು, ಇನ್ನೊಬ್ಬರು ಗಾಜನ್ನು ಎರಡೂ ಅಂಗೈಯಲ್ಲಿ ಹಿಡಿದು ಮೇಲಕ್ಕೆ ದಬ್ಬಬೇಕು. ಫೋಟೋ ಬಂದ ಮರುದಿನದಿಂದ ಎರಡೂ ಗಾಡಿಗಳಲ್ಲಿ ದಿನಕ್ಕೊಂದು ಹೊಸ ಸದ್ದು ಕೇಳಿಸತೊಡಗಿತು, ಭಾವನವರಿಗೆ ಮಾತ್ರ.

ಮಿಯಾಟಾ ಮೇಲೆ ಆಸೆಪಟ್ಟದ್ದರಲ್ಲಿ ತಪ್ಪೇನಿಲ್ಲ. 1989ರಲ್ಲಿ ಶುರುವಾಗಿ ಹತ್ತು ಲಕ್ಷ ದಾಟಿ ಮಾರಾಟವಾದ ಕಾರು. ತೂಕ ಒಂದು ಟನ್ನಿನ ಆಸುಪಾಸು. ದೊಡ್ಡ ಎಂಜಿನ್ನಿಲ್ಲ, ಭಾರೀ ಶಕ್ತಿಯಿಲ್ಲ. ಹಗುರವಾದ ಮೈ, ಹಿಂದಿನ ಚಕ್ರಕ್ಕೆ ಬಲ, ಕೈಗೆ ಗೇರು, ಅಷ್ಟೇ. ತಿರುವಿನಲ್ಲಿ ಸ್ಟೇರಿಂಗು ಎಳೆದರೆ ಯೋಚಿಸದೆ ತಿರುಗುತ್ತದಂತೆ. ಅಲ್ಲಿ ಬೆಲೆ ಸುಮಾರು ಮೂವತ್ತು ಸಾವಿರ ಡಾಲರು. ನಮ್ಮ ಲೆಕ್ಕದಲ್ಲಿ ಇಪ್ಪತ್ತಾರು ಲಕ್ಷದ ಹತ್ತಿರ. "ಇಪ್ಪತ್ತಾರೇ? ಇನ್ನೋವಾಗೆ ಅದಕ್ಕಿಂತ ಜಾಸ್ತಿ ಕೊಡ್ತಾರೆ!" ಎಂದು ಭಾವನವರು ಎದ್ದು ನಿಂತರು.

ಅವರನ್ನು ಕೂರಿಸಿದ್ದು ಸರ್ಕಾರ. ಮಾಜ್ದಾ ಈ ದೇಶದಲ್ಲಿ ಕಾರು ಮಾರುವುದಿಲ್ಲ. ಹೋಗಲಿ, ಹೊರದೇಶದಿಂದ ತರಿಸೋಣವೆಂದರೆ ಆಮದು ಸುಂಕ ಎಲ್ಲ ಸೇರಿ ಶೇ. 70. ಇಪ್ಪತ್ತಾರು ನಲವತ್ತನಾಲ್ಕಾಯಿತು. ಅದರ ಮೇಲೆ ಶೇ. 40 ಜಿಎಸ್‌ಟಿ. ಅರವತ್ತೆರಡಾಯಿತು. ಅದರ ಮೇಲೆ ನಮ್ಮ ಕರ್ನಾಟಕ ಸರ್ಕಾರ ಕೈಚಾಚುತ್ತದೆ: ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಶೇ. 18 ಜೀವಾವಧಿ ತೆರಿಗೆ, ಆ ತೆರಿಗೆಯ ಮೇಲೊಂದು ಸೆಸ್ಸು. ಎಪ್ಪತ್ತು ದಾಟಿತು. ಸುಂಕದ ಮೇಲೆ ತೆರಿಗೆ, ತೆರಿಗೆಯ ಮೇಲೆ ತೆರಿಗೆ, ಕೊನೆಗೆ ತೆರಿಗೆಯ ತಲೆಯ ಮೇಲೆ ಸೆಸ್ಸು. ಮೂರು ಕಾರಿನ ದುಡ್ಡು ತೆತ್ತು ಒಂದನ್ನು ಮನೆಗೆ ತರಬೇಕು. ಉಳಿದ ಎರಡು ವಿಧಾನಸೌಧಕ್ಕೂ ದೆಹಲಿಗೂ.

ಪುದುಚೇರಿಯಲ್ಲೋ ಮಹಾರಾಷ್ಟ್ರದಲ್ಲೋ ನೋಂದಣಿ ಮಾಡಿಸಿ ತಂದರಾಯಿತು ಎಂದು ಹೇಳಿಕೊಡುವ ಜಾಣರೂ ಸಿಕ್ಕರು. 2025ರ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಕೆಂಪು ಫೆರಾರಿಯನ್ನು ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹಿಡಿದು, ಸುಮಾರು 1.41 ಕೋಟಿ ತೆರಿಗೆ ಮತ್ತು ದಂಡ ಒಂದೇ ದಿನದಲ್ಲಿ ವಸೂಲಿ ಮಾಡಿದ ಸುದ್ದಿಯನ್ನು ನಾನೇ ಭಾವನವರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಎರಡು ನೀಲಿ ಗೀಟು ಮಾತ್ರ ಬಂದವು.

ಇಲ್ಲೇ ಸಿಗುವುದರಲ್ಲಿ ಆರಿಸೋಣವೆಂದರೆ ಅಂಗಡಿ ಅಷ್ಟೇನೂ ತುಂಬಿಲ್ಲ. ಮಸ್ಟಾಂಗ್ 2016ರಲ್ಲಿ ಬಂತು, ಐದು ಲೀಟರಿನ ವಿ8 ಗುಡುಗಿಸಿತು. ಆಮೇಲೆ ಫೋರ್ಡ್ ಕಂಪನಿಯೇ ಇಲ್ಲಿಂದ ಗಂಟುಮೂಟೆ ಕಟ್ಟಿತು. ಮಿನಿ ಕೂಪರ್ ಎಸ್ 2024ರಲ್ಲಿ ಸುಮಾರು 45 ಲಕ್ಷಕ್ಕೆ ಶುರುವಾಯಿತು. ಹಿಂದೆ ಇರುವ ಸೀಟು ಲ್ಯಾಪ್‌ಟಾಪ್ ಚೀಲಕ್ಕೆ ಹೇಳಿ ಮಾಡಿಸಿದ್ದು. ಬಿಎಂಡಬ್ಲ್ಯು ಎಂ2 ಬಂದಾಗಲೇ 98 ಲಕ್ಷ, ಆರ್‌ಟಿಒ ಬಾಗಿಲು ದಾಟುವ ಮೊದಲು. ಎಂಜಿಯ ಸೈಬರ್‌ಸ್ಟರ್ ಎಂಬ ಎಲೆಕ್ಟ್ರಿಕ್ ಗಾಡಿ 2025ರಲ್ಲಿ 75 ಲಕ್ಷಕ್ಕೆ ಬಂತು. ಬಾಗಿಲು ಪಕ್ಕಕ್ಕಲ್ಲ, ಮೇಲಕ್ಕೆ ತೆರೆಯುತ್ತದೆ. ಭಾವನವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅವರ ಪಾರ್ಕಿಂಗ್ ಜಾಗದ ಮೇಲೆಯೇ ಕೊಳಾಯಿ ಪೈಪು ಹಾದಿದೆ. ಅಳತೆ ಟೇಪು ಹಿಡಿದು ಭಾವನವರು ಅದರ ಕೆಳಗೆ ಬಹಳ ಹೊತ್ತು ನಿಂತಿದ್ದರೆಂದು ಸೆಕ್ಯೂರಿಟಿಯವನು ಅಕ್ಕನಿಗೆ ವರದಿ ಒಪ್ಪಿಸಿದ.

ಅಲ್ಲಿಂದ ವಿಷಯ ಮನೆಮಂದಿಯ ಬಾಯಿಗೆ ಬಿತ್ತು. ಮೊದಲು ಮಾತಾಡಿದವರು ಭಾವನವರ ತಾಯಿ. "ಹಿಂದ್ಗಡೆ ಬಾಗಿಲೇ ಇಲ್ವಂತಲ್ಲೋ? ನಾನು ಎಲ್ಲಿಂದ ಹತ್ತಲಿ?" ಅವರು ಕೊನೆಯ ಸಲ ಮಗನ ಕಾರು ಹತ್ತಿದ್ದು ಯಾವಾಗಲೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಅವರಿಗೆ ಕಾರಿನಲ್ಲಿ ತಲೆ ಸುತ್ತುತ್ತದೆ, ಎಲ್ಲಿಗೆ ಹೋದರೂ ಆಟೋ. ಆದರೂ ಬಾಗಿಲು ಇರಬೇಕು. ನಿವೃತ್ತ ಎಂಜಿನಿಯರ್ ಆದ ಅಕ್ಕನ ಮಾವ "ಎಷ್ಟು ಕೊಡುತ್ತೆ?" ಎಂದರು. ಲೀಟರಿಗೆ ಎಂಟೋ ಒಂಬತ್ತೋ ಎಂದಾಗ ಕನ್ನಡಕ ತೆಗೆದು ಒರೆಸಿಕೊಂಡರು, ಸಾವಿನ ಮನೆಯಲ್ಲಿ ಕೂತವರ ಹಾಗೆ. ನಾದಿನಿ, "ಧರ್ಮಸ್ಥಳಕ್ಕೆ ಎಲ್ಲರೂ ಒಟ್ಟಿಗೆ ಹೋಗಬೇಕು ಅಂದ್ರೆ?" ಎಂದು ಕೇಳಿದರು. ಎಲ್ಲರೂ ಒಟ್ಟಿಗೆ ಹೋದಾಗಲೆಲ್ಲ ಟೆಂಪೋ ಟ್ರಾವೆಲರ್ ಮಾಡಿಕೊಂಡೇ ಹೋಗಿರುವುದು, ಮುಂದೆಯೂ ಹಾಗೆಯೇ ಹೋಗುವುದು. ಮಗ ಮಾತ್ರ ಅಪ್ಪನ ಪರ ನಿಂತ. ಅವನಿಗೆ ಲೈಸೆನ್ಸ್ ಬಂದು ಹೆಚ್ಚು ದಿನವಾಗಿಲ್ಲ ಎಂಬುದನ್ನು ನೆನೆದು ಅಕ್ಕ ಅವನ ಮತವನ್ನು ಅಸಿಂಧುಗೊಳಿಸಿದಳು.

ಈ ಹಿಂದಿನ ಬಾಗಿಲಿನ ಹುಚ್ಚು ಇಂದಿನದಲ್ಲ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಹುಟ್ಟಿದ್ದು ಎರಡು ಬಾಗಿಲಿನ ಕಾರಾಗಿ, ಅಲ್ಲಿ ಸತ್ತದ್ದೂ ಹಾಗೆಯೇ. ಅದೇ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1960ರ ದಶಕದಲ್ಲಿ ಇಲ್ಲಿ ತಯಾರಿಸಿದಾಗ, ದಶಕ ಮುಗಿಯುವಷ್ಟರಲ್ಲಿ ಅದಕ್ಕೆ ಇನ್ನೆರಡು ಬಾಗಿಲು ಕೊರೆಯಬೇಕಾಯಿತು. ಅಂಬಾಸಿಡರ್, ಫಿಯೆಟ್‌ಗಳ ಎದುರು ನಿಲ್ಲಲು ಬೇರೆ ದಾರಿಯಿರಲಿಲ್ಲ. ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕೆಂದರೆ ಸಿಪಾನಿ ಡಾಲ್ಫಿನ್ ಇದೆ. 1982ರ ಕಾರು, ಫೈಬರ್ ಮೈ, ಬ್ರಿಟನ್ನಿನ ರಿಲಯಂಟ್ ಕಂಪನಿಯ 848 ಸಿಸಿ ಎಂಜಿನ್ನು, ಎರಡೇ ಬಾಗಿಲು. ಹಗುರವಾಗಿತ್ತು, ಚುರುಕಾಗಿತ್ತು, ಶೋಲಾವರಂನಲ್ಲಿ ರೇಸಿಗೂ ಇಳಿಯಿತು. ಜನ ನೋಡಿದರು, ಮುಟ್ಟಿದರು, "ಹಿಂದಿನ ಬಾಗಿಲೆಲ್ಲಿ?" ಎಂದರು. ಮರುವರ್ಷವೇ ಮಾರುತಿ 800 ಬಂತು. ಸಿಪಾನಿಯವರು ನಾಲ್ಕು ಬಾಗಿಲಿಟ್ಟು ಮೊಂಟಾನಾ ಎಂದು ಹೆಸರಿಟ್ಟು ಮತ್ತೆ ತಂದರು. ಅಷ್ಟರಲ್ಲಿ ಊರೆಲ್ಲ ಮಾರುತಿಯಾಗಿತ್ತು. 1998ರಲ್ಲಿ ಗೋವಾದಿಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಬಾಗಿಲಿನ ಪುಟ್ಟ ಕಾರು ಬಂದಿತ್ತು. 60 ಅಶ್ವಶಕ್ತಿ, ಗೋವಾದ ಗಾಳಿಗೆ ಸಾಕೆಂಬಷ್ಟು. ಎಷ್ಟು ಜನ ನೋಡಿದ್ದೀರಿ? ನೋಡಿದವರೂ ಅದನ್ನು ಯಾವುದೋ ವಿದೇಶಿ ಗಾಡಿ ಎಂದುಕೊಂಡರು.

ಇನ್ನು ರಸ್ತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ರಸ್ತೆ ಉಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ಭಾವನವರ ಬಡಾವಣೆಯ ಉಬ್ಬನ್ನು ರಸ್ತೆ ಕಾಂಗ್ರೆಸ್ಸು ಕಟ್ಟಿದ್ದಲ್ಲ, ಯಾರದೋ ಮನೆಯ ಮೋಲ್ಡಿಂಗ್ ಮುಗಿದ ಮೇಲೆ ಉಳಿದ ಕಾಂಕ್ರೀಟು ಕಟ್ಟಿದ್ದು. ಅಗಲ ಒಂದು ಮೊಳ, ಎತ್ತರ ಮೇಸ್ತ್ರಿಯ ಮರ್ಜಿ. ಹಳೇ ಸಿಟಿಯೇ ಅದರ ಮೇಲೆ ಹೊಟ್ಟೆ ಉಜ್ಜಿಕೊಂಡು ದಾಟುತ್ತದೆ. ನೆಲಕ್ಕೆ ಕಿವಿಗೊಟ್ಟು ಓಡುವ ಸ್ಪೋರ್ಟ್ಸ್ ಕಾರು ಅಲ್ಲಿ ಅಡ್ಡಡ್ಡ ತಿರುಗಿ, ಒಂದೊಂದೇ ಚಕ್ರ ಎತ್ತಿ ಇಳಿಸಿ, ಹಿಂದೆ ಹಾಲಿನ ವ್ಯಾನು, ಸ್ಕೂಲ್ ಬಸ್ಸು, ಕಸದ ಆಟೋ ಎಲ್ಲ ಹಾರನ್ ಹೊಡೆಯುತ್ತಿರಲು, ಮುಂದಕ್ಕೆ ಸಾಗಬೇಕು. ಎಪ್ಪತ್ತು ಲಕ್ಷದ ಮೋಜು ಮನೆ ಬಾಗಿಲಿನಿಂದಲೇ ಆರಂಭ.

ಉಬ್ಬು ದಾಟಿದರೆ ಊರು. 2022ರಲ್ಲಿ ಟಾಮ್‌ಟಾಮ್ ಎಂಬ ಡಚ್ ಕಂಪನಿ ಜಗತ್ತಿನ ನಗರಗಳ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಎಷ್ಟು ಹೊತ್ತು ಬೇಕೆಂದು ಅಳೆದಾಗ ಬೆಂಗಳೂರಿಗೆ ಲಂಡನ್ನಿನ ನಂತರದ ಎರಡನೇ ಸ್ಥಾನ ಸಿಕ್ಕಿತ್ತು: 29 ನಿಮಿಷ ಚಿಲ್ಲರೆ. ಎಂ2 ನಾಲ್ಕು ಸೆಕೆಂಡು ಚಿಲ್ಲರೆಯಲ್ಲಿ ಸೊನ್ನೆಯಿಂದ ನೂರು ಮುಟ್ಟುತ್ತದೆ. ಉಳಿದ ಇಪ್ಪತ್ತೊಂಬತ್ತು ನಿಮಿಷ ಏನು ಮಾಡುವುದು? ಈಜಿಪುರದ ಮೇಲ್ಸೇತುವೆಯ ಕಂಬಗಳನ್ನು ನೋಡುತ್ತಾ ಕೂರಬಹುದು; 2017ರಲ್ಲಿ ಕೆಲಸ ಶುರುವಾದ ಮೇಲೆ ಅವೂ ವರ್ಷಗಟ್ಟಲೆ ಕಾಯುತ್ತಾ ನಿಂತವು, ಜೊತೆಗಿರುತ್ತವೆ.

ಮೈಸೂರು ಹೆದ್ದಾರಿ ಇದೆಯಲ್ಲ ಎನ್ನುತ್ತೀರಿ. ಇದೆ. ಕಾರಿಗೆ ಅಲ್ಲಿ ಮಿತಿ 100, ಕಂಬಕಂಬಕ್ಕೂ ಕ್ಯಾಮೆರಾ. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ದಾಟಿದರೆ ದಂಡದ ಜೊತೆ ಎಫ್‌ಐಆರ್ ಕೂಡ. ಅದು ಸರಿಯೇ, ಆ ರಸ್ತೆಯಲ್ಲಿ ಸತ್ತವರ ಸಂಖ್ಯೆ ನೋಡಿದವರು ಯಾರೂ ಬೇಡವೆನ್ನುವುದಿಲ್ಲ. ಆದರೆ ಸ್ಪೋರ್ಟ್ಸ್ ಕಾರಿನ ಎರಡು-ಮೂರನೇ ಗೇರಿಗೇ ಕಾನೂನು ಮುಗಿದುಹೋಗುತ್ತದೆ. ಉಳಿದ ಗೇರುಗಳನ್ನು ದುಡ್ಡು ಕೊಟ್ಟು ತಂದು ಇಟ್ಟುಕೊಂಡಿರುವುದು, ಅಷ್ಟೇ. ಕೊನೆಗೆ ಉಳಿಯುವುದು ಭಾನುವಾರದ ಬೆಳಗಿನ ಜಾವ, ನಂದಿ ಬೆಟ್ಟದ ದಾರಿ. ಅಲ್ಲಿಗೆ ಹೋದರೆ ಇದೇ ಕಾಯಿಲೆಯವರು ಸಾಲಾಗಿ ನಿಂತಿರುತ್ತಾರೆ, ಕೈಯಲ್ಲಿ ಇಡ್ಲಿ ತಟ್ಟೆ.

ಇಷ್ಟಾದರೂ ಭಾವನವರು ಟೆಸ್ಟ್ ಡ್ರೈವಿಗೆ ಹೋದರು, ನನ್ನನ್ನೂ ಕರೆದುಕೊಂಡು. ಷೋರೂಮಿನ ಹುಡುಗ ಬಾಗಿಲು ತೆರೆದು ಹಿಡಿದ. ಎಡಗಾಲನ್ನು ಒಳಗಿಟ್ಟು ಭಾವನವರು ಕೂತರು. ಕೂತರು ಅನ್ನುವುದಕ್ಕಿಂತ ಸೊಂಟ ತಾನಾಗಿ ಬಿತ್ತು. ಬಲಗಾಲು ಹೊರಗೇ ಉಳಿಯಿತು. ಅದನ್ನು ಮಂಡಿಯ ಕೆಳಗೆ ಕೈಕೊಟ್ಟು ಎತ್ತಿ ಒಳಗೆ ಹಾಕಿಕೊಂಡರು. ಎಂಜಿನ್ ಚಾಲೂ ಆಯಿತು. ನನ್ನಾಣೆಗೂ ಹೇಳುತ್ತೇನೆ, ಆ ಮುಖದಲ್ಲಿ ಅಂಥ ಕಳೆಯನ್ನು ನಾನು ಅವರ ಮದುವೆಯ ದಿನವೂ ಕಂಡಿರಲಿಲ್ಲ. ಸರ್ವಿಸ್ ರಸ್ತೆಯಲ್ಲಿ ಒಂದು ಬಸ್ಸಿನ ಹಿಂದೆ ಹೋಗಿ, ಯು ಟರ್ನ್ ತೆಗೆದುಕೊಂಡು, ಇನ್ನೊಂದು ಬಸ್ಸಿನ ಹಿಂದೆ ಬಂದರು. ಇಳಿಯುವಾಗ ಇಬ್ಬರು ಹುಡುಗರು ಕೈಹಿಡಿದು ಎಳೆದರು. "ಸಾರ್, ನಮ್ಮಲ್ಲಿ ಎಸ್‌ಯುವಿಯೂ ಇದೆ," ಎಂದ ಅವರಲ್ಲೊಬ್ಬ, ಬಹಳ ಮೆಲ್ಲಗೆ.

ಕಂಪನಿಗಳು ಕಾಯುತ್ತಿರುವುದೇ ಈ ಗಳಿಗೆಗೆ. ಸ್ಪೋರ್ಟ್ಸ್ ಕಾರು ಕೊಳ್ಳಲಾಗದವನ ಅಳಲನ್ನು ಅರಿತೇ 2024ರಲ್ಲಿ ಟಾಟಾದವರು ಕರ್ವ್, ಸಿಟ್ರೊಯೆನ್‌ನವರು ಬಸಾಲ್ಟ್ ತಂದರು. ಹಿಂಭಾಗದ ಮಾಡನ್ನು ಇಳಿಜಾರು ಮಾಡಿ, ಕೂಪೆ ಎಂದು ಕರೆದು, ಮರೆಯದೆ ನಾಲ್ಕು ಬಾಗಿಲಿಟ್ಟರು. ಇನ್ನು ಕೆಲವರು ಸೀಟಿಗೆ ಕೆಂಪು ದಾರದ ಹೊಲಿಗೆ ಹಾಕುತ್ತಾರೆ. ಹಲವರು 'ಸ್ಪೋರ್ಟ್' ಎಂದು ಬರೆದ ಒಂದು ಗುಂಡಿ ಕೊಡುತ್ತಾರೆ. ಒತ್ತಿದರೆ ಮೀಟರಿನ ಬೆಳಕು ಕೆಂಪಗಾಗುತ್ತದೆ, ಎಂಜಿನ್ನು ಸ್ವಲ್ಪ ಹೆಚ್ಚು ಅರಚುತ್ತದೆ, ಮುಂದಿನ ಬಿಎಂಟಿಸಿ ಬಸ್ಸು ಅಲ್ಲೇ ಇರುತ್ತದೆ.

ಭಾವನವರು ಎರಡೂ ಸೆಡಾನುಗಳನ್ನು ಕೊಟ್ಟು ಏಳು ಸೀಟಿನ ಫಾರ್ಚುನರ್ ತಂದರು. ಸುಮಾರು ಎರಡು ಟನ್ ತೂಕ, ಹದಿನೈದೂಮುಕ್ಕಾಲು ಅಡಿ ಉದ್ದ. ಮನೆಮಂದಿಗೆಲ್ಲ ಸಮಾಧಾನ. ಅಕ್ಕನ ಅತ್ತೆ ಪೂಜೆಯ ದಿನ ಹಿಂದಿನ ಬಾಗಿಲು ತೆಗೆದು ನೋಡಿ, ಮುಚ್ಚಿ, ದೇವಸ್ಥಾನಕ್ಕೆ ಆಟೋದಲ್ಲಿ ಹೋದರು. ಮೈಲೇಜಿನ ಬಗ್ಗೆ ಮಾವ ಕೇಳಲೇ ಇಲ್ಲ. ಅಷ್ಟು ದೊಡ್ಡ ಗಾಡಿಯನ್ನು ಅಂಥ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ. ಭಾವನವರು ದಿನವೂ ಅದರಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರುತ್ತಾರೆ, ಒಬ್ಬರೇ.

ನನ್ನ ತಕರಾರು ಇಲ್ಲಿರುವುದು. ಎರಡು ಸೀಟಿನ ಕಾರು ಕೇಳಿದವನನ್ನು ನಾವು ಸ್ವಾರ್ಥಿ, ಷೋಕಿಲಾಲ, ವಯಸ್ಸಿಗೆ ತಕ್ಕ ಬುದ್ಧಿಯಿಲ್ಲದವ ಎಂದೆವು. ಅವನು ಕೇಳಿದ್ದ ಮಿಯಾಟಾ ಉದ್ದದಲ್ಲಿ ಮಾರುತಿ ಸ್ವಿಫ್ಟಿಗಿಂತ ಮೂರು-ನಾಲ್ಕು ಬೆರಳು ಹೆಚ್ಚು, ತೂಕದಲ್ಲಿ ಫಾರ್ಚುನರಿನ ಅರ್ಧ. ಅದರಲ್ಲಿ ಒಬ್ಬನೇ ಹೋದರೆ ಖಾಲಿ ಇರುತ್ತಿದ್ದದ್ದು ಒಂದು ಸೀಟು. ಈಗ ಆರು ಖಾಲಿ ಸೀಟುಗಳನ್ನು ಹೊತ್ತುಕೊಂಡು, ಡೀಸೆಲ್ ಸುಟ್ಟು, ಎರಡು ಸ್ಕೂಟರಿನ ಜಾಗ ಹೆಚ್ಚಿಗೆ ಹಿಡಿದು ಹೋಗುವವನು ಸಂಸಾರಸ್ಥ, ಜವಾಬ್ದಾರ. ಮೋಜಿಗೆಂದು ದುಡ್ಡು ಖರ್ಚು ಮಾಡುವುದನ್ನು ನಾವು ಕ್ಷಮಿಸುವುದಿಲ್ಲ. ಕುಟುಂಬದ ಹೆಸರು ಹೇಳಿದರೆ ಎಷ್ಟು ದುಂದನ್ನಾದರೂ ಕ್ಷಮಿಸುತ್ತೇವೆ.

ನಂಬಿಕೆ ಬಾರದಿದ್ದರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕಪಕ್ಕದ ಏಳು ಸೀಟಿನ ಗಾಡಿಗಳಲ್ಲಿ ಎಷ್ಟು ತಲೆಗಳಿವೆಯೆಂದು ಎಣಿಸಿ. ಅವಸರವೇನಿಲ್ಲ, ಸಿಗ್ನಲ್ ಬಿಡುವಷ್ಟರಲ್ಲಿ ಎರಡು ಸಲ ಎಣಿಸಬಹುದು.